ಲಾಗಿನ್ ವ್ಯವಸ್ಥೆ ಅರ್ಧಕ್ಕೆ ನಿಂತರೆ ಎಲ್‌ಎಸ್ ಏಕೆ ಬೀಳುತ್ತದೆ?

ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಯಂತ್ರಗಳನ್ನು ನೋಡಿಕೊಳ್ಳುವವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ತೊಂದರೆಯೊಂದನ್ನು ಇವತ್ತು ಬಿಡಿಸಿ ನೋಡೋಣ. ಹೊಸ ಯಂತ್ರಕ್ಕೆ ಎಲ್‌ಡ್ಯಾಪ್ (ಬಳಕೆದಾರರ ಪಟ್ಟಿಯನ್ನು ಸರ್ವರಿನಲ್ಲಿಟ್ಟು ಹಂಚುವ ವ್ಯವಸ್ಥೆ) ಅಥವಾ ಕರ್ಬೆರೋಸ್ (ನೆಟ್‌ವರ್ಕ್ ಮೂಲಕ ಬಳಕೆದಾರರ ಗುರುತು ಖಚಿತಪಡಿಸುವ ವ್ಯವಸ್ಥೆ) ಪ್ಯಾಕೇಜ್ ಹಾಕಿದ್ದಾಗಿದೆ, ಸರ್ವರಿನ ವಿಳಾಸ ಇನ್ನೂ ತುಂಬಿಲ್ಲ. ಅಷ್ಟರಲ್ಲಿ ಎಲ್‌ಎಸ್ -ಎಲ್ ಕೊಟ್ಟರೆ ಸೆಗ್ಮೆಂಟೇಶನ್ ಫಾಲ್ಟ್ (ತಪ್ಪು ಮೆಮೊರಿಯನ್ನು ಮುಟ್ಟಿ ಪ್ರೋಗ್ರಾಂ ಸಾಯುವುದು) ಬರುತ್ತದೆ. ರೂಟ್, ಅಂದರೆ ಯಂತ್ರದ ಮೇಲಿನ ಪೂರ್ಣ ಅಧಿಕಾರ ಕೊಡುವ ಸುಡೊ ಕೆಲಸ ಮಾಡುವುದಿಲ್ಲ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಒಳಗೆ ಬಿಡುವುದಿಲ್ಲ. ಕೆಲವೊಮ್ಮೆ ಯಂತ್ರ ಬೂಟ್ ಆಗುವಾಗಲೇ ನಿಂತುಬಿಡುತ್ತದೆ. ಫೈಲ್ ಪಟ್ಟಿ ತೋರಿಸುವ ಪುಟ್ಟ ಕಮಾಂಡಿಗೂ ನೆಟ್‌ವರ್ಕ್ ಲಾಗಿನ್‌ಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಆ ಸಂಬಂಧ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ, ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಡಿಸ್ಕಿನಲ್ಲಿ ಫೈಲಿನ ಒಡೆಯನ ಹೆಸರು ಇರುವುದಿಲ್ಲ, ಒಂದು ಸಂಖ್ಯೆ ಮಾತ್ರ ಇರುತ್ತದೆ. 1000 ಎಂಬ ಸಂಖ್ಯೆಗೆ ಯಾರ ಹೆಸರು ಎಂದು ಎಲ್‌ಎಸ್ -ಎಲ್ ಪ್ರತಿ ಸಲ ವಿಚಾರಿಸಬೇಕು. ಅದಕ್ಕಾಗಿ ಅದು ಸಿ ಲೈಬ್ರರಿಯ ಗೆಟ್‌ಪಿಡಬ್ಲ್ಯುಯುಐಡಿ ಎಂಬ ಫಂಕ್ಷನ್ನನ್ನು ಕರೆಯುತ್ತದೆ. ಹಳೆಯ ಯುನಿಕ್ಸ್‌ನಲ್ಲಿ ಆ ಫಂಕ್ಷನ್ ಪಾಸ್‌ವರ್ಡ್ ಫೈಲನ್ನು ಓದಿ ಉತ್ತರ ಕೊಡುತ್ತಿತ್ತು. ಇಂದಿನ ಲಿನಕ್ಸ್‌ನಲ್ಲಿ ಅದು ಮೊದಲು ಇಟಿಸಿ ಫೋಲ್ಡರಿನ ಎನ್‌ಎಸ್‌ಸ್ವಿಚ್ ಫೈಲನ್ನು ನೋಡುತ್ತದೆ. ಅಲ್ಲಿ ‘ಪಾಸ್‌ವರ್ಡ್: ಫೈಲ್ಸ್ ಎಲ್‌ಡ್ಯಾಪ್’ ಎಂದಿದ್ದರೆ ಮೊದಲು ಸ್ಥಳೀಯ ಫೈಲಿನಲ್ಲಿ ಹುಡುಕು, ಸಿಗದಿದ್ದರೆ ಎಲ್‌ಡ್ಯಾಪ್ ಸರ್ವರನ್ನು ಕೇಳು ಎಂದರ್ಥ. ಈ ಏರ್ಪಾಡಿಗೆ ನೇಮ್ ಸರ್ವಿಸ್ ಸ್ವಿಚ್, ಚಿಕ್ಕದಾಗಿ ಎನ್‌ಎಸ್‌ಎಸ್ ಎನ್ನುತ್ತಾರೆ.

ಎಲ್‌ಡ್ಯಾಪನ್ನು ಕೇಳುವ ಕೋಡ್ ಬೇರೆಲ್ಲೋ ಓಡುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿ ಆ ಮಾಡ್ಯೂಲನ್ನು ಡಿಎಲ್‌ಓಪನ್ (ಓಡುವಾಗಲೇ ಲೈಬ್ರರಿ ಸೇರಿಸುವ ಫಂಕ್ಷನ್) ಮೂಲಕ ಎಲ್‌ಎಸ್‌ನ ಪ್ರೋಸೆಸ್ಸಿನ ಒಳಕ್ಕೇ ಎಳೆದುಕೊಳ್ಳುತ್ತದೆ. ಹಳೆಯ ಎನ್‌ಎಸ್‌ಎಸ್-ಎಲ್‌ಡ್ಯಾಪ್ ಮಾಡ್ಯೂಲ್ ಬಂದರೆ ಅದರ ಹಿಂದೆ ಎಲ್‌ಡ್ಯಾಪ್ ಲೈಬ್ರರಿ, ಸಂಪರ್ಕವನ್ನು ಗೂಢಲಿಪಿಗೊಳಿಸುವ ಟಿಎಲ್‌ಎಸ್ ಲೈಬ್ರರಿ, ಗುರುತು ಪರೀಕ್ಷಿಸಲು ಬಳಸುವ ಎಸ್‌ಎಎಸ್‌ಎಲ್, ಕೆಲವು ಕಡೆ ಕರ್ಬೆರೋಸ್ ಲೈಬ್ರರಿಗಳೂ ಬರುತ್ತವೆ. ಅಷ್ಟೂ ಕೋಡ್ ಈಗ ಎಲ್‌ಎಸ್‌ನದೇ ಮೆಮೊರಿಯಲ್ಲಿದೆ. ಅದರಲ್ಲಿ ಯಾವುದೇ ಒಂದು ತಪ್ಪು ಪಾಯಿಂಟರನ್ನು ಮುಟ್ಟಿದರೆ ಕರ್ನೆಲ್ ಕೊಲ್ಲುವುದು ಎಲ್‌ಎಸ್ ಅನ್ನು. ಎಲ್‌ಎಸ್, ಐಡಿ, ಪಿಎಸ್, ಟಾರ್, ಕ್ರಾನ್, ಸುಡೊ ಎಲ್ಲವೂ ಒಟ್ಟಿಗೆ ಕೆಟ್ಟಂತೆ ಕಾಣುವುದು ಇದರಿಂದಲೇ. ಆ ಕಮಾಂಡುಗಳಲ್ಲಿ ಒಂದೂ ಕೆಟ್ಟಿರುವುದಿಲ್ಲ.

ಇನ್ನು ಬೀಳುವ ಬಗೆಗಳನ್ನು ನೋಡೋಣ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಖಾಲಿ ಪಾಯಿಂಟರ್, ಅಂದರೆ ಮೆಮೊರಿಯಲ್ಲಿ ಏನನ್ನೂ ತೋರದ ವಿಳಾಸ. ಕರ್ಬೆರೋಸ್ ಬಳಸುವ ಯಾವುದೇ ಕೋಡ್ ಮೊದಲಿಗೆ ಕಾಂಟೆಕ್ಸ್ಟ್ ಎಂಬ ರಚನೆಯೊಂದನ್ನು ತಯಾರಿಸಿಕೊಳ್ಳುತ್ತದೆ. ಕಾನ್ಫಿಗರೇಶನ್ ಸರಿಯಿಲ್ಲದಿದ್ದರೆ ತಯಾರಿಸುವ ಫಂಕ್ಷನ್ ಎರರ್ ಕೋಡ್ ಹಿಂದಿರುಗಿಸುತ್ತದೆ, ರಚನೆ ಖಾಲಿಯಾಗಿಯೇ ಉಳಿಯುತ್ತದೆ. ಬರೆದವರು ಆ ಕೋಡನ್ನು ಪರೀಕ್ಷಿಸದೆ ಮುಂದಿನ ಫಂಕ್ಷನ್ನಿಗೆ ಅದೇ ಕಾಂಟೆಕ್ಸ್ಟ್ ಕೊಟ್ಟರೆ ಅಲ್ಲೇ ಪ್ರೋಗ್ರಾಂ ಸಾಯುತ್ತದೆ. ಇದಕ್ಕಿಂತ ಮೋಸಗೊಳಿಸುವ ಇನ್ನೊಂದು ರೂಪವಿದೆ. ಎರರ್ ಪರೀಕ್ಷಿಸಿದ್ದಾರೆ, ಆದರೆ ಎರರ್ ಬಂದಾಗ ಹೋಗುವ ಸ್ವಚ್ಛಗೊಳಿಸುವ ದಾರಿಯಲ್ಲಿ, ಹುಟ್ಟೇ ಇರದ ಕಾಂಟೆಕ್ಸ್ಟನ್ನು ಬಿಡುಗಡೆ ಮಾಡಲು ಹೋಗಿದ್ದಾರೆ. ಎರರ್ ಸಂದೇಶವನ್ನು ಓದಬಲ್ಲ ವಾಕ್ಯವಾಗಿಸುವ ಫಂಕ್ಷನ್ನಿಗೂ ಕಾಂಟೆಕ್ಸ್ಟ್ ಬೇಕು, ಹಾಗಾಗಿ ‘ಇಂಥ ತಪ್ಪಾಗಿದೆ’ ಎಂದು ಲಾಗ್ ಬರೆಯುವ ಸಾಲಿನಲ್ಲೇ ಬಿದ್ದರೆ ಲಾಗ್‌ನಲ್ಲಿ ಏನೂ ಸಿಗುವುದಿಲ್ಲ. ಬರೆದವರ ಯಂತ್ರದಲ್ಲಿ ಕರ್ಬೆರೋಸ್ ಸದಾ ಸರಿಯಾಗಿಯೇ ಇರುತ್ತದೆ, ಆದ್ದರಿಂದ ಈ ಸಾಲುಗಳು ಅಲ್ಲಿ ಒಮ್ಮೆಯೂ ಓಡಿರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಎಂಐಟಿ ಕರ್ಬೆರೋಸ್‌ನ ಈಗಿನ ಆವೃತ್ತಿಗಳಲ್ಲಿ ಕೆಆರ್‌ಬಿ5 ಕಾನ್ಫ್ ಎಂಬ ಕಾನ್ಫಿಗರೇಶನ್ ಫೈಲ್ ಇಲ್ಲವೇ ಇಲ್ಲ ಎಂದರೂ ಕಾಂಟೆಕ್ಸ್ಟ್ ತಯಾರಾಗುತ್ತದೆ, ಲೈಬ್ರರಿ ಅದನ್ನು ಖಾಲಿ ಕಾನ್ಫಿಗರೇಶನ್ ಎಂದು ಪರಿಗಣಿಸುತ್ತದೆ. ಫೈಲ್ ಇದೆ ಆದರೆ ಅರ್ಧ ಬರೆದಿದೆ, ಹೂವಿನ ಆವರಣ ಮುಚ್ಚಿಲ್ಲ ಅಥವಾ ವಿಭಾಗದ ತಲೆಬರಹದ ಚೌಕ ಆವರಣ ಮುಚ್ಚಿಲ್ಲ ಎಂದರೆ ಎರರ್ ಬರುತ್ತದೆ. ಫೈಲ್ ಇಲ್ಲದ ಯಂತ್ರಕ್ಕಿಂತ ಅರ್ಧ ಫೈಲ್ ಇರುವ ಯಂತ್ರ ಹೆಚ್ಚು ಅಪಾಯಕಾರಿ. ಅನುಮತಿಯ ವಿಷಯವೂ ಇದೆ. ರೂಟ್ ಆಗಿ, ಯುಮಾಸ್ಕ್ (ಹೊಸ ಫೈಲಿನಿಂದ ಕಳೆಯಬೇಕಾದ ಅನುಮತಿಗಳು) 077 ಇರುವಾಗ ಈ ಫೈಲನ್ನು ಹೊಸದಾಗಿ ಬರೆದರೆ ಅದರ ಅನುಮತಿ 0600, ಅಂದರೆ ಒಡೆಯನಿಗೆ ಮಾತ್ರ, ಆಗುತ್ತದೆ. ರೂಟ್‌ಗೆ ಎಲ್ಲವೂ ಸರಿ, ಸಾಮಾನ್ಯ ಬಳಕೆದಾರರಿಗೆ ಎಲ್ಲವೂ ಕೆಟ್ಟಂತೆ. ಈ ಫೈಲಿಗೆ 0644, ಅಂದರೆ ಎಲ್ಲರೂ ಓದಬಲ್ಲಂತೆ, ಇರಬೇಕು. ನೆಟ್‌ವರ್ಕ್ ಲಾಗಿನ್ ನೋಡಿಕೊಳ್ಳುವ ಎಸ್‌ಎಸ್‌ಎಸ್‌ಡಿ ಎಂಬ ಹಿನ್ನೆಲೆ ಪ್ರೋಗ್ರಾಂನ ಕಾನ್ಫ್ ಫೈಲಿಗೆ ಇದು ತಿರುಗಾಮುರುಗಾ: ಅದನ್ನು ಇತರರು ಓದುವಂತಿದ್ದರೆ ಎಸ್‌ಎಸ್‌ಎಸ್‌ಡಿ ಶುರುವಾಗಲು ಒಪ್ಪುವುದೇ ಇಲ್ಲ.

ಎರಡನೆಯ ಬಗೆಗೆ ಉಬುಂಟು 9.10ರ ಕಾಲದ ಪ್ರಕರಣ ಒಳ್ಳೆಯ ಉದಾಹರಣೆ. ಎಲ್‌ಡ್ಯಾಪನ್ನು ಟಿಎಲ್‌ಎಸ್ ಜೊತೆ ಬಳಸಿದ ಯಂತ್ರಗಳಲ್ಲಿ 2009ರಲ್ಲಿ ಎಸ್‌ಯು, ಸುಡೊ, ಎಟಿಡಿ ಮುಂತಾದವು ಕೆಲಸ ನಿಲ್ಲಿಸಿದವು. ಅಲ್ಲಿ ಎಲ್‌ಡ್ಯಾಪ್ ಲೈಬ್ರರಿಯು ಗ್ನು-ಟಿಎಲ್‌ಎಸ್ ಅನ್ನೂ, ಅದು ಗೂಢಲಿಪಿ ಲೈಬ್ರರಿಯಾದ ಲಿಬ್‌ಜಿಕ್ರಿಪ್ಟ್ ಅನ್ನೂ ಎಳೆದುಕೊಳ್ಳುತ್ತಿತ್ತು. ಲಿಬ್‌ಜಿಕ್ರಿಪ್ಟ್ ತನ್ನ ಭದ್ರ ಮೆಮೊರಿಯನ್ನು ಲಾಕ್ ಮಾಡಿದ ಮೇಲೆ, ಪ್ರೋಗ್ರಾಂ ಸೆಟ್‌ಯುಐಡಿ (ಯಾರು ಓಡಿಸಿದರೂ ಫೈಲಿನ ಒಡೆಯನ ಅಧಿಕಾರದಲ್ಲಿ ಓಡುವಂಥದ್ದು) ಆಗಿದ್ದರೆ ರೂಟ್ ಅಧಿಕಾರವನ್ನು ಬಿಟ್ಟುಕೊಡುತ್ತಿತ್ತು. ಲೈಬ್ರರಿಯ ದೃಷ್ಟಿಯಿಂದ ಅದು ಒಳ್ಳೆಯ ಮುನ್ನೆಚ್ಚರಿಕೆ. ಆದರೆ ಸುಡೊ ಇರುವುದೇ ಆ ಅಧಿಕಾರಕ್ಕಾಗಿ. ಬಳಕೆದಾರನ ಹೆಸರು ವಿಚಾರಿಸಲು ಹೋದ ಸುಡೊ ಹಿಂದಿರುಗಿ ಬರುವಷ್ಟರಲ್ಲಿ ಅದರ ರೂಟ್ ಅಧಿಕಾರವೇ ಇರುತ್ತಿರಲಿಲ್ಲ. ಸುಡೊ ಬರೆದವರು, ಲಿಬ್‌ಜಿಕ್ರಿಪ್ಟ್ ಬರೆದವರು ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಬರೆದಿದ್ದರು. ಇಬ್ಬರನ್ನೂ ಒಂದೇ ಪ್ರೋಸೆಸ್ಸಿನಲ್ಲಿ ಕೂರಿಸಿದ್ದೇ ತಪ್ಪು.

ಮೂರನೆಯದು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್ ಅಥವಾ ಸಂಪರ್ಕಕ್ಕೆ ಕರ್ನೆಲ್ ಕೊಡುವ ಸಂಖ್ಯೆ) ಅದಲುಬದಲು. ಹಳೆಯ ಎಲ್‌ಡ್ಯಾಪ್ ಮಾಡ್ಯೂಲ್ ಸರ್ವರಿನ ಜೊತೆಗಿನ ಸಾಕೆಟ್ಟನ್ನು ತೆರೆದೇ ಇಟ್ಟುಕೊಳ್ಳುತ್ತದೆ, ಅದು 5ನೇ ಡಿಸ್ಕ್ರಿಪ್ಟರ್ ಎಂದುಕೊಳ್ಳಿ. ಡೀಮನ್ ಆಗಿ ಹಿನ್ನೆಲೆಗೆ ಹೋಗುವ ಪ್ರೋಗ್ರಾಂಗಳು ತೆರೆದಿರುವ ಡಿಸ್ಕ್ರಿಪ್ಟರುಗಳನ್ನೆಲ್ಲ ಮುಚ್ಚುತ್ತವೆ. ಆಮೇಲೆ ಅದೇ 5ನೇ ಸಂಖ್ಯೆ ಪ್ರೋಗ್ರಾಂನ ಬೇರೊಂದು ಫೈಲಿಗೆ ಸಿಗುತ್ತದೆ. ಸಾಕೆಟ್ ಈಗಲೂ ತನ್ನದೇ ಎಂದು ನಂಬಿದ ಮಾಡ್ಯೂಲ್ ಅಲ್ಲಿಗೇ ಬರೆದರೆ ಫೈಲ್ ಹಾಳು. ಇದನ್ನು ತಡೆಯುವ ಪರೀಕ್ಷೆಗಳನ್ನು ಮಾಡ್ಯೂಲಿಗೆ ಆಮೇಲೆ ಸೇರಿಸಿದರು, ಆದರೆ ಈ ವಿನ್ಯಾಸದಲ್ಲಿ ಇಂಥ ತೇಪೆಗಳಿಗೆ ಕೊನೆಯಿಲ್ಲ. ನಾಲ್ಕನೆಯದು ಹೆಸರುಗಳ ಘರ್ಷಣೆ: ಪ್ರೋಗ್ರಾಂ ಒಂದು ಎಲ್‌ಡ್ಯಾಪ್ ಲೈಬ್ರರಿಗೆ ಜೋಡಣೆಯಾಗಿದೆ, ಮಾಡ್ಯೂಲ್ ಅದರ ಇನ್ನೊಂದು ರೂಪವನ್ನು ತರುತ್ತದೆ, ಎರಡರಲ್ಲೂ ಒಂದೇ ಹೆಸರಿನ ಫಂಕ್ಷನ್‌ಗಳು. ಓಪನ್‌ಎಲ್‌ಡ್ಯಾಪ್‌ನಲ್ಲಿ ಥ್ರೆಡ್ ಇರುವ, ಇಲ್ಲದ ಎರಡು ಲೈಬ್ರರಿಗಳಿದ್ದವು, 2.5ರಲ್ಲಿ ಅವನ್ನು ಒಂದಾಗಿಸಿದ ಮೇಲೆ ಈ ಕಾಟ ಬಹಳಷ್ಟು ಇಳಿಯಿತು. ಸ್ಟ್ಯಾಟಿಕ್ ಆಗಿ ಕಟ್ಟಿದ ಪ್ರೋಗ್ರಾಂಗಳಲ್ಲೂ ಇದರ ನೆಂಟನೇ ಆದ ದೋಷ ಕಾಣುತ್ತದೆ. ಅವುಗಳ ಒಳಗೆ ಒಂದು ಗ್ಲಿಬ್‌ಸಿ, ಯಂತ್ರದ ಎನ್‌ಎಸ್‌ಎಸ್ ಮಾಡ್ಯೂಲ್ ಬಯಸುವುದು ಇನ್ನೊಂದು ಗ್ಲಿಬ್‌ಸಿ. ಕಟ್ಟುವಾಗ ಲಿಂಕರ್ ಎಚ್ಚರಿಕೆ ಕೊಟ್ಟಿರುತ್ತದೆ, ದಯವಿಟ್ಟು ಅದನ್ನು ದಾಟಿಸಿ ಮುಂದೆ ಹೋಗಬೇಡಿ.

ಕ್ರ್ಯಾಶ್ ಆಗದೆ ಸುಮ್ಮನೆ ನಿಂತುಬಿಡುವುದು ಇನ್ನೊಂದು ಪಾಡು, ಅದನ್ನೂ ಕ್ರ್ಯಾಶ್ ಎಂದೇ ಜನ ದೂರುತ್ತಾರೆ. ಯಂತ್ರದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಉತ್ತರಿಸದಿದ್ದರೆ ಗ್ಲಿಬ್‌ಸಿ ಒಂದು ಪ್ರಯತ್ನಕ್ಕೆ 5 ಸೆಕೆಂಡ್ ಕಾಯುತ್ತದೆ, ಒಟ್ಟು 2 ಸುತ್ತು. ರಿಸಾಲ್ವ್ ಕಾನ್ಫ್‌ನಲ್ಲಿ 3 ಸರ್ವರ್ ಇದ್ದರೆ ಒಂದೇ ಹೆಸರಿಗೆ ಸುಮಾರು 30 ಸೆಕೆಂಡ್. ಇದರ ಮೇಲೆ, ಹಳೆಯ ಎಲ್‌ಡ್ಯಾಪ್ ಮಾಡ್ಯೂಲಿನ ಬೈಂಡ್ ಪಾಲಿಸಿ ಪೂರ್ವನಿಯೋಜಿತವಾಗಿ ‘ಹಾರ್ಡ್’: ಸರ್ವರ್ ಸಿಗದಿದ್ದರೆ ನಡುನಡುವೆ ಬಿಡುವನ್ನು ಹೆಚ್ಚಿಸುತ್ತ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಬೂಟ್ ಸಮಯದಲ್ಲಿ, ಹಾರ್ಡ್‌ವೇರ್ ಸಾಧನಗಳನ್ನು ಗುರುತಿಸಿ ಸಜ್ಜುಮಾಡುವ ಯುಡೆವ್ ತನ್ನ ನಿಯಮಗಳಲ್ಲಿರುವ ಗುಂಪಿನ ಹೆಸರುಗಳನ್ನು ಹುಡುಕುತ್ತದೆ. ಆ ಗುಂಪು ಸ್ಥಳೀಯ ಫೈಲಿನಲ್ಲಿ ಇಲ್ಲದಿದ್ದರೆ ಹುಡುಕಾಟ ಎಲ್‌ಡ್ಯಾಪ್‌ಗೆ ಹೋಗುತ್ತದೆ, ನೆಟ್‌ವರ್ಕ್ ಕಾರ್ಡನ್ನು ಎಬ್ಬಿಸಬೇಕಾದದ್ದು ಅದೇ ಯುಡೆವ್. ನೆಟ್‌ವರ್ಕ್ ಬರಲಿ ಎಂದು ಯುಡೆವ್, ಯುಡೆವ್ ಮುಗಿಯಲಿ ಎಂದು ನೆಟ್‌ವರ್ಕ್. ಬೈಂಡ್ ಪಾಲಿಸಿಯನ್ನು ‘ಸಾಫ್ಟ್’ ಮಾಡುವುದು ತಾತ್ಕಾಲಿಕ ಪರಿಹಾರ. ಸಿಸ್ಟಂ ಬಳಕೆದಾರರು ಮತ್ತು ಗುಂಪುಗಳು ಸ್ಥಳೀಯ ಫೈಲಿನಲ್ಲೇ ಇರುವಂತೆ ನೋಡಿಕೊಳ್ಳುವುದು ನಿಜವಾದ ಪರಿಹಾರ.

‘ಫೈಲ್ಸ್ ಮೊದಲಿದೆ, ರೂಟ್ ಸ್ಥಳೀಯ, ಹಾಗಾಗಿ ರೂಟ್ ಲಾಗಿನ್‌ಗೆ ತೊಂದರೆಯಿಲ್ಲ’ ಎಂಬ ನಂಬಿಕೆ ಬಹಳ ಮಂದಿಯಲ್ಲಿದೆ. ಅದು ಪಾಸ್‌ವರ್ಡ್ ಸಾಲಿಗೆ ನಿಜ, ಗುಂಪಿನ ಸಾಲಿಗೆ ನಿಜವಲ್ಲ. ಲಾಗಿನ್ ಆಗುವಾಗ ಆ ಬಳಕೆದಾರ ಯಾವ ಯಾವ ಗುಂಪಿನಲ್ಲಿದ್ದಾನೆ ಎಂದು ಎಲ್ಲ ಮೂಲಗಳನ್ನೂ ಕೇಳಿ ಕೂಡಿಸಬೇಕಾಗುತ್ತದೆ, ಏಕೆಂದರೆ ಸ್ಥಳೀಯ ಬಳಕೆದಾರನೂ ಎಲ್‌ಡ್ಯಾಪ್ ಗುಂಪೊಂದರ ಸದಸ್ಯನಾಗಿರಬಹುದು. ಆದ್ದರಿಂದಲೇ ಸರ್ವರ್ ಬಿದ್ದಾಗ ರೂಟ್ ಕೂಡ ಕಾಯುತ್ತಾನೆ. ಎಲ್‌ಡ್ಯಾಪ್ ಕಾನ್ಫಿಗರೇಶನ್ನಿನ ಎನ್‌ಎಸ್‌ಎಸ್_ಇನಿಟ್‌ಗ್ರೂಪ್ಸ್_ಇಗ್ನೋರ್‌ಯೂಸರ್ಸ್ ಎಂಬ ಆಯ್ಕೆಯಲ್ಲಿ ರೂಟ್ ಮತ್ತು ಸಿಸ್ಟಂ ಬಳಕೆದಾರರ ಹೆಸರು ಹಾಕುವುದು ಇದಕ್ಕಾಗಿಯೇ. ಎಲ್‌ಡ್ಯಾಪನ್ನು ಬೇರೆ ಪ್ರೋಸೆಸ್ಸಿನಿಂದ ಕೇಳುವ ಎನ್‌ಎಸ್‌ಎಲ್‌ಸಿಡಿ ಡೀಮನ್ ಬಳಸುವವರು ಅಲ್ಲಿ ಆಲ್‌ಲೋಕಲ್ ಎಂದು ಬರೆದರೆ ಸ್ಥಳೀಯರೆಲ್ಲರೂ ಸೇರುತ್ತಾರೆ.

ಪ್ಯಾಮ್ ಕಡೆಗೆ ಬರೋಣ. ಎನ್‌ಎಸ್‌ಎಸ್ ‘ಇವರು ಯಾರು’ ಎಂದು ಕೇಳಿದರೆ ಪ್ಯಾಮ್ ‘ಇವರನ್ನು ಒಳಗೆ ಬಿಡಬಹುದೇ’ ಎಂದು ಕೇಳುತ್ತದೆ. ಸನ್ ಕಂಪನಿಯಲ್ಲಿ ಹುಟ್ಟಿ 1995ರಲ್ಲಿ ಪ್ರಸ್ತಾವವಾಗಿ ಹೊರಬಂದ ವಿನ್ಯಾಸ ಅದು. ಅಲ್ಲೂ ಮಾಡ್ಯೂಲುಗಳು ಪ್ರೋಗ್ರಾಂ ಒಳಗೇ ಲೋಡ್ ಆಗುತ್ತವೆ, ಮೇಲೆ ಹೇಳಿದ ಅಪಾಯಗಳೆಲ್ಲ ಇಲ್ಲಿಗೂ ಅನ್ವಯ. ಜೊತೆಗೆ ಇಲ್ಲಿ ಬರೆದ ಒಂದು ಪದ ಎಲ್ಲರನ್ನೂ ಹೊರಗಿಡಬಲ್ಲದು. ಕರ್ಬೆರೋಸ್ ಮಾಡ್ಯೂಲನ್ನು ‘ರಿಕ್ವೈರ್ಡ್’ ಎಂದು ಬರೆದು, ಮಾಡ್ಯೂಲಿನ ಫೈಲೇ ಇಲ್ಲದಿದ್ದರೆ ಪ್ಯಾಮ್ ಆ ಸಾಲನ್ನು ಬಿಟ್ಟು ಮುಂದೆ ಹೋಗುವುದಿಲ್ಲ, ಸೋತಂತೆ ಲೆಕ್ಕ ಹಾಕುತ್ತದೆ. ಲಾಗ್‌ನಲ್ಲಿ ‘ಡಿಎಲ್‌ಓಪನ್ ಮಾಡಲಾಗಲಿಲ್ಲ’, ‘ದೋಷಯುಕ್ತ ಮಾಡ್ಯೂಲ್ ಸೇರಿಸುತ್ತಿದೆ’ ಎಂಬರ್ಥದ ಎರಡು ಸಾಲು ಕಾಣುತ್ತವೆ. ಸಾಲಿನ ಮೊದಲಿಗೆ ಅಡ್ಡಗೆರೆ ಹಾಕಿದರೆ ಇಲ್ಲದ ಮಾಡ್ಯೂಲನ್ನು ಪ್ಯಾಮ್ ಮನ್ನಿಸುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಕೈಪಿಡಿ ಹೇಳುವಂತೆ ಆ ಅಡ್ಡಗೆರೆ ಲಾಗ್ ಬರೆಯುವುದನ್ನು ಮಾತ್ರ ನಿಲ್ಲಿಸುತ್ತದೆ.

ಡೆಬಿಯನ್ ಮಾದರಿಯ ಕಾಮನ್-ಆಥ್ ಫೈಲ್ ಇದನ್ನು ಚೆನ್ನಾಗಿ ನಿಭಾಯಿಸಿದೆ. ಮಾಡ್ಯೂಲ್ ಗೆದ್ದರೆ ಇಷ್ಟು ಸಾಲು ದಾಟು, ಬೇರೇನೇ ಆದರೂ ಲೆಕ್ಕಿಸಬೇಡ ಎಂದು ಚೌಕ ಆವರಣದಲ್ಲಿ ಬರೆದಿರುತ್ತದೆ. ಯಾರೂ ಗೆಲ್ಲದಿದ್ದರೆ ಕೊನೆಯಲ್ಲಿ ಪ್ಯಾಮ್-ಡಿನೈ ಬಾಗಿಲು ಮುಚ್ಚುತ್ತದೆ. ಕರ್ಬೆರೋಸ್ ಸಾಲಿನಲ್ಲಿ ಮಿನಿಮಮ್-ಯುಐಡಿ 1000 ಎಂದಿರುವುದರಿಂದ ರೂಟ್‌ನ ಲಾಗಿನ್ ಆ ಮಾಡ್ಯೂಲಿನ ಕೈಗೆ ಹೋಗುವುದೇ ಇಲ್ಲ. ಕೈಯಾರೆ ಪ್ಯಾಮ್ ಬರೆಯುವವರು ಈ ಎರಡನ್ನಾದರೂ ಅನುಸರಿಸಿ. ಇನ್ನೂ ಒಳ್ಳೆಯದು, ಕೈಯಾರೆ ಬರೆಯದಿರುವುದು: ಡೆಬಿಯನ್, ಉಬುಂಟುಗಳಲ್ಲಿ ಪ್ಯಾಮ್-ಆಥ್-ಅಪ್‌ಡೇಟ್ ಇದೆ, ರೆಡ್ ಹ್ಯಾಟ್ 8ರಿಂದ ಆಥ್‌ಸೆಲೆಕ್ಟ್ ಇದೆ.

ಈ ಎಲ್ಲ ಅನುಭವದಿಂದ ಹುಟ್ಟಿದ ವಿನ್ಯಾಸ ಎನ್‌ಎಸ್‌ಎಲ್‌ಸಿಡಿ ಮತ್ತು ಎಸ್‌ಎಸ್‌ಎಸ್‌ಡಿ. ನನ್ನ ಅಭಿಪ್ರಾಯದಲ್ಲಿ ಇಂದು ಹೊಸ ಯಂತ್ರಕ್ಕೆ ಹಳೆಯ ಎನ್‌ಎಸ್‌ಎಸ್-ಎಲ್‌ಡ್ಯಾಪ್ ಹಾಕಲು ಯಾವ ಕಾರಣವೂ ಇಲ್ಲ. ಹೊಸ ವಿನ್ಯಾಸದಲ್ಲಿ ಎಲ್‌ಎಸ್ ಒಳಗೆ ಬರುವುದು ಪುಟ್ಟ ಮಾಡ್ಯೂಲ್ ಮಾತ್ರ, ಅದು ಒಂದು ಯುನಿಕ್ಸ್ ಸಾಕೆಟ್ ಮೂಲಕ ಡೀಮನ್‌ಗೆ ಪ್ರಶ್ನೆ ಕಳಿಸುತ್ತದೆ. ಎಲ್‌ಡ್ಯಾಪ್, ಟಿಎಲ್‌ಎಸ್, ಕರ್ಬೆರೋಸ್ ಎಲ್ಲ ಡೀಮನ್ ಕಡೆಗೆ. ಡೀಮನ್ ಬಿದ್ದರೂ ಎಲ್‌ಎಸ್ ಬೀಳುವುದಿಲ್ಲ, ಸಾಕೆಟ್ ಸಿಗಲಿಲ್ಲವೆಂದರೆ ‘ಲಭ್ಯವಿಲ್ಲ’ ಎಂಬ ಉತ್ತರ ಬೇಗ ಬರುತ್ತದೆ, ಹೆಸರಿನ ಜಾಗದಲ್ಲಿ ಸಂಖ್ಯೆ ಕಾಣುತ್ತದೆ. ಇದೇ ಕಾರಣಕ್ಕೆ ಹಳೆಯ ಕಾಲದಲ್ಲಿ, ಹುಡುಕಿದ ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಎನ್‌ಎಸ್‌ಸಿಡಿ ಡೀಮನ್ ಓಡಿಸಿದರೆ ಕ್ರ್ಯಾಶ್ ಮಾಯವಾಗುತ್ತಿತ್ತು, ಮಾಡ್ಯೂಲ್ ಅದರ ಒಳಗೆ ಲೋಡ್ ಆಗುತ್ತಿತ್ತು. ಅದು ರೋಗವನ್ನು ಮುಚ್ಚಿಡುವ ಉಪಾಯ: ಎನ್‌ಎಸ್‌ಸಿಡಿ ನಿಂತ ದಿನ ಎಲ್ಲವೂ ಒಟ್ಟಿಗೆ ಮತ್ತೆ ಬೀಳುತ್ತಿದ್ದವು.

ಈಗ ಪತ್ತೆ ಹಚ್ಚುವ ಬಗೆ. ಮೊದಲ ಪರೀಕ್ಷೆ ತೀರ ಸರಳ. ಎಲ್‌ಎಸ್ -ಎಲ್ ಬದಲು ಎಲ್‌ಎಸ್ -ಎಲ್‌ಎನ್ ಕೊಡಿ. ‘ಎನ್’ ಇದ್ದರೆ ಹೆಸರು ಹುಡುಕದೆ ಸಂಖ್ಯೆಯನ್ನೇ ತೋರಿಸುತ್ತದೆ. ಇದು ಓಡಿ ಅದು ಬಿದ್ದರೆ ದೋಷ ಎನ್‌ಎಸ್‌ಎಸ್ ದಾರಿಯಲ್ಲಿದೆ ಎಂದು ಖಚಿತ. ಎರಡನೆಯದು ಎನ್‌ಎಸ್‌ಎಸ್ ಮೂಲಗಳನ್ನು ನೇರವಾಗಿ ಕೇಳುವ ಗೆಟ್‌ಎಂಟ್ ಕಮಾಂಡ್. ಅದಕ್ಕೆ -ಎಸ್ ಫೈಲ್ಸ್, -ಎಸ್ ಎಸ್‌ಎಸ್‌ಎಸ್, -ಎಸ್ ಎಲ್‌ಡ್ಯಾಪ್ ಎಂದು ಒಂದೊಂದೇ ಮೂಲವನ್ನು ಕೊಟ್ಟು ಕೇಳಿ, ಯಾವ ಮೂಲಕ್ಕೆ ಬೀಳುತ್ತದೋ ಅದೇ ಅಪರಾಧಿ. ಮೂರನೆಯದು, ಪ್ರೋಗ್ರಾಂ ಕರ್ನೆಲ್ಲಿಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್: ಐಡಿ ಕಮಾಂಡನ್ನು ಅದರ ಕೆಳಗೆ ಓಡಿಸಿ ಓಪನ್‌ಅಟ್, ಕನೆಕ್ಟ್ ಕರೆಗಳನ್ನು ಮಾತ್ರ ನೋಡಿ. ಬೀಳುವ ಮುಂಚಿನ ಕೊನೆಯ ಸಾಲುಗಳಲ್ಲಿ ಯಾವ ಫೈಲ್ ಸಿಗಲಿಲ್ಲ, ಯಾವ ವಿಳಾಸಕ್ಕೆ ಕಾಯುತ್ತಿತ್ತು ಎಂದು ತಿಳಿಯುತ್ತದೆ. 389 ಅಥವಾ 636 ಪೋರ್ಟಿದ್ದರೆ ಎಲ್‌ಡ್ಯಾಪ್, 88 ಇದ್ದರೆ ಕರ್ಬೆರೋಸ್, 53 ಇದ್ದರೆ ಡಿಎನ್‌ಎಸ್.

ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನ ಸಾಲನ್ನೂ ಓದಲು ಕಲಿಯಿರಿ. ‘ಸೆಗ್‌ಫಾಲ್ಟ್ ಅಟ್ 18 ... ಎರರ್ 4 ಇನ್’ ಎಂದು ಬಂದು ಮುಂದೆ ಲೈಬ್ರರಿಯ ಹೆಸರಿದ್ದರೆ, ಆ ಲೈಬ್ರರಿಯ ಕೋಡ್ ಓಡುವಾಗ ಬಿದ್ದಿದೆ ಎಂದರ್ಥ. 0 ಅಥವಾ 18ರಂಥ ಸಣ್ಣ ವಿಳಾಸ ಖಾಲಿ ಪಾಯಿಂಟರಿನ ಗುರುತು, ರಚನೆಯ ಆರಂಭದಿಂದ ಅಷ್ಟು ದೂರದ ಒಂದು ಅಂಶವನ್ನು ಓದಲು ಹೋಗಿದೆ. ಎರರ್ 4 ಎಂದರೆ ಬಳಕೆದಾರ ಪ್ರೋಗ್ರಾಂ ಇಲ್ಲದ ಪುಟವನ್ನು ಓದಲು ಹೋಯಿತು, 6 ಎಂದರೆ ಬರೆಯಲು ಹೋಯಿತು. ಸಿಸ್ಟಂಡಿ ಇರುವ ಯಂತ್ರದಲ್ಲಿ ಕೋರ್‌ಡಂಪ್‌ಸಿಟಿಎಲ್ ಇಡೀ ಕರೆಗಳ ಸರಣಿಯನ್ನು ಕೊಡುತ್ತದೆ. ಸುಡೊದಂಥ ಸೆಟ್‌ಯುಐಡಿ ಪ್ರೋಗ್ರಾಂ ಕೋರ್ (ಬಿದ್ದ ಕ್ಷಣದ ಮೆಮೊರಿಯ ಪ್ರತಿ) ಬಿಡದಿದ್ದರೆ ಎಫ್‌ಎಸ್.ಸುಯಿಡ್_ಡಂಪೆಬಲ್ ಎಂಬ ಕರ್ನೆಲ್ ಸೆಟ್ಟಿಂಗ್ ಎಷ್ಟಿದೆ ನೋಡಿ, 0 ಇದ್ದರೆ ಕೋರ್ ಸಿಗುವುದಿಲ್ಲ, ಪತ್ತೆ ಮುಗಿಯುವವರೆಗೆ 2 ಮಾಡಿಕೊಳ್ಳಿ. ಕರ್ಬೆರೋಸ್ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ಕೆಆರ್‌ಬಿ5_ಟ್ರೇಸ್ ಎಂಬ ವೇರಿಯಬಲ್ಲಿಗೆ /ಡೆವ್/ಎಸ್‌ಟಿಡಿಎರ್ ಕೊಟ್ಟು ಕೆಇನಿಟ್ (ಕರ್ಬೆರೋಸ್ ಟಿಕೆಟ್, ಅಂದರೆ ಗುರುತಿನ ಚೀಟಿ ತರುವ ಕಮಾಂಡ್) ಓಡಿಸಿ. ಆದರೆ ಸೆಟ್‌ಯುಐಡಿ ಪ್ರೋಗ್ರಾಂಗಳು ಇಂಥ ವೇರಿಯಬಲ್‌ಗಳನ್ನು ಭದ್ರತೆಗಾಗಿ ಕಡೆಗಣಿಸುತ್ತವೆ. ಬದಲಿ ಕಾನ್ಫಿಗರೇಶನ್ ತೋರಿಸಿ ಕೆಇನಿಟ್ ಓಡಿತೆಂದು ಎಸ್‌ಯು ಕೂಡ ಓಡುತ್ತದೆ ಎಂದು ತಿಳಿಯಬೇಡಿ.

32 ಬಿಟ್ ಪ್ರೋಗ್ರಾಂ ಇರುವವರಿಗೆ ಒಂದು ಮಾತು. ಅದು 64 ಬಿಟ್ ಮಾಡ್ಯೂಲನ್ನು ಲೋಡ್ ಮಾಡಲಾರದು. ಎಲ್ಲ ಕಮಾಂಡಿಗೂ ಬಳಕೆದಾರ ಸಿಗುತ್ತಾನೆ, ಹಳೆಯ ಲೈಸೆನ್ಸ್ ಸರ್ವರಿಗೆ ಮಾತ್ರ ಸಿಗುವುದಿಲ್ಲ ಎಂದಾದರೆ ಎಸ್‌ಎಸ್‌ಎಸ್‌ಡಿ-ಕ್ಲೈಂಟ್‌ನ 32 ಬಿಟ್ ಪ್ಯಾಕೇಜ್ ಹಾಕಿ.

ಸಿದ್ಧಪಡಿಸುವ ಕ್ರಮದ ಬಗ್ಗೆ ಒತ್ತಿ ಹೇಳಬೇಕು, ಏಕೆಂದರೆ ಹೆಚ್ಚಿನ ಅನಾಹುತ ಕ್ರಮ ತಪ್ಪಿದ್ದರಿಂದ ಆಗುತ್ತದೆ. ಎನ್‌ಎಸ್‌ಸ್ವಿಚ್ ಮತ್ತು ಪ್ಯಾಮ್ ಫೈಲುಗಳನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಗಡಿಯಾರ: ಸಮಯ ಸರಿಪಡಿಸುವ ಕ್ರೋನಿ ಓಡುತ್ತಿರಲಿ, ಕರ್ಬೆರೋಸ್ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಸಹಿಸುವುದಿಲ್ಲ. ಆಮೇಲೆ ಡಿಎನ್‌ಎಸ್ ಮತ್ತು ಯಂತ್ರದ ಪೂರ್ಣ ಹೆಸರು. ಆಮೇಲೆ ಕೆಆರ್‌ಬಿ5 ಕಾನ್ಫ್‌ನಲ್ಲಿ ಡೀಫಾಲ್ಟ್ ರೆಲ್ಮ್ (ಕರ್ಬೆರೋಸ್ ವ್ಯಾಪ್ತಿಯ ಹೆಸರು), ವಾಡಿಕೆಯಂತೆ ದೊಡ್ಡ ಅಕ್ಷರಗಳಲ್ಲಿ. ಕೆಇನಿಟ್ ಟಿಕೆಟ್ ತಂದಿತೇ, ಕೆಲಿಸ್ಟ್ ಅದನ್ನು ತೋರಿಸಿತೇ ನೋಡಿ. ಎಲ್‌ಡ್ಯಾಪ್‌ಸರ್ಚ್‌ನಿಂದ ಒಬ್ಬ ಬಳಕೆದಾರನನ್ನು ತರಿಸಿ. ಎಸ್‌ಎಸ್‌ಎಸ್‌ಡಿ ಕಾನ್ಫ್ ಬರೆದ ಮೇಲೆ ಎಸ್‌ಎಸ್‌ಎಸ್‌ಸಿಟಿಎಲ್ ಕಾನ್ಫಿಗ್-ಚೆಕ್ ಓಡಿಸಿ, ಅಕ್ಷರದೋಷಗಳನ್ನು ಅದು ಹಿಡಿಯುತ್ತದೆ. ಡೀಮನ್ ಎದ್ದ ಮೇಲೆ ಗೆಟ್‌ಎಂಟ್ -ಎಸ್ ಎಸ್‌ಎಸ್‌ಎಸ್. ಇಷ್ಟೂ ಗೆದ್ದ ನಂತರ ಆಥ್‌ಸೆಲೆಕ್ಟ್ ಅಥವಾ ಪ್ಯಾಮ್-ಆಥ್-ಅಪ್‌ಡೇಟ್. ಅದಕ್ಕೆ ಮುಂಚೆ ಪ್ಯಾಮ್.ಡಿ ಫೋಲ್ಡರ್ ಮತ್ತು ಎನ್‌ಎಸ್‌ಸ್ವಿಚ್ ಫೈಲಿನ ಪ್ರತಿ ತೆಗೆದಿಡಿ, ಇನ್ನೊಂದು ಟರ್ಮಿನಲ್ಲಿನಲ್ಲಿ ರೂಟ್ ಶೆಲ್ ತೆರೆದಿರಲಿ, ಮೂರನೆಯದರಲ್ಲಿ ಹೊಸದಾಗಿ ಲಾಗಿನ್ ಆಗಿ ಪರೀಕ್ಷಿಸುವ ತನಕ ಅದನ್ನು ಮುಚ್ಚಬೇಡಿ. ಕಾಲೇಜು ಲ್ಯಾಬ್‌ಗಳಲ್ಲಿ ಒಂದು ಯಂತ್ರದ ಇಮೇಜನ್ನು ಉಳಿದವಕ್ಕೆ ಹರಡುವವರು, ಮೂಲ ಇಮೇಜಿನಲ್ಲಿ ಸ್ಥಳೀಯ ಲಾಗಿನ್ ಮಾತ್ರ ಇಟ್ಟು, ಪ್ರತಿ ಯಂತ್ರ ತನ್ನ ಹೆಸರು ಮತ್ತು ಕೀಟ್ಯಾಬ್ (ಯಂತ್ರದ ಕರ್ಬೆರೋಸ್ ಕೀಲಿ ಇರುವ ಫೈಲ್) ಪಡೆದ ಮೇಲೆ ನೆಟ್‌ವರ್ಕ್ ಲಾಗಿನ್ ಚಾಲೂ ಮಾಡಲಿ.

ಆಗಲೇ ಬಾಗಿಲು ಮುಚ್ಚಿಹೋಗಿದ್ದರೆ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಲಿನಕ್ಸ್ ಸಾಲಿನ ಕೊನೆಗೆ ಇನಿಟ್=/ಬಿನ್/ಬ್ಯಾಶ್ ಸೇರಿಸಿ ಬೂಟ್ ಮಾಡಿ. ರೂಟ್ ಫೈಲ್ ಸಿಸ್ಟಂ ಓದಲು ಮಾತ್ರ ಇರುತ್ತದೆ, ಬರೆಯುವಂತೆ ಮರುಮೌಂಟ್ ಮಾಡಿ. ಎನ್‌ಎಸ್‌ಸ್ವಿಚ್‌ನಲ್ಲಿ ಪಾಸ್‌ವರ್ಡ್, ಗ್ರೂಪ್, ಶ್ಯಾಡೋ ಸಾಲುಗಳಲ್ಲಿ ‘ಫೈಲ್ಸ್’ ಒಂದನ್ನೇ ಉಳಿಸಿ, ಪ್ಯಾಮ್ ಫೈಲುಗಳ ಹಳೆಯ ಪ್ರತಿಯನ್ನು ಹಿಂದಕ್ಕೆ ಹಾಕಿ. ಎಸ್‌ಇಲಿನಕ್ಸ್ (ಫೈಲಿನ ಲೇಬಲ್ ನೋಡಿ ಅನುಮತಿ ಕೊಡುವ ಭದ್ರತಾ ವ್ಯವಸ್ಥೆ) ಇರುವ ಯಂತ್ರದಲ್ಲಿ ಮೂಲ ಫೋಲ್ಡರಿನಲ್ಲಿ .ಆಟೊರೀಲೇಬಲ್ ಎಂಬ ಖಾಲಿ ಫೈಲ್ ಸೃಷ್ಟಿಸಲು ಮರೆಯಬೇಡಿ, ಇಲ್ಲದಿದ್ದರೆ ಹೊಸ ಫೈಲುಗಳಿಗೆ ಸರಿಯಾದ ಲೇಬಲ್ ಇಲ್ಲದೆ ಮತ್ತೆ ಲಾಗಿನ್ ಆಗದು. ಸಿಂಕ್ ಕೊಟ್ಟು ಯಂತ್ರವನ್ನು ಮರುಪ್ರಾರಂಭಿಸಿ. ರೆಸ್ಕ್ಯೂ ಮೋಡ್ ಕೂಡ ಇದೆ, ಆದರೆ ಅದು ರೂಟ್ ಪಾಸ್‌ವರ್ಡ್ ಕೇಳುತ್ತದೆ, ಉಬುಂಟುವಿನಲ್ಲಿ ರೂಟ್ ಖಾತೆಗೆ ಸಾಮಾನ್ಯವಾಗಿ ಪಾಸ್‌ವರ್ಡೇ ಇರುವುದಿಲ್ಲ.

ಇಲ್ಲಿ ಪ್ರೋಗ್ರಾಂ ಬರೆಯುವವರೂ ಇದ್ದೀರಿ, ನಿಮ್ಮಲ್ಲಿ ಕೇಳಿಕೊಳ್ಳುವುದಿದೆ. ಲಾಗಿನ್ ಸಂಬಂಧದ ಕೋಡ್ ಬರೆದಾಗ ಎಲ್ಲವೂ ಸರಿಯಿರುವ ಯಂತ್ರದಲ್ಲಿ ಪರೀಕ್ಷಿಸಿ ಮುಗಿಸಬೇಡಿ. ಒಂದು ಕಂಟೇನರಿನಲ್ಲಿ ಕಾನ್ಫಿಗರೇಶನ್ ಫೈಲ್ ತೆಗೆದು ಓಡಿಸಿ. ಅದನ್ನು ಖಾಲಿ ಮಾಡಿ ಓಡಿಸಿ. ಅರ್ಧಕ್ಕೆ ಕತ್ತರಿಸಿ ಓಡಿಸಿ. ಸಾಮಾನ್ಯ ಬಳಕೆದಾರ ಓದಲಾಗದಂತೆ ಅನುಮತಿ ಬದಲಿಸಿ ಓಡಿಸಿ. ಸರ್ವರಿನ ಪೋರ್ಟಿಗೆ ಬರುವ ಪ್ಯಾಕೆಟ್ಟುಗಳನ್ನು ಫೈರ್‌ವಾಲಿನಲ್ಲಿ ‘ಡ್ರಾಪ್’ ಮಾಡಿ ಓಡಿಸಿ; ‘ರಿಜೆಕ್ಟ್’ ಮಾಡಿದರೆ ಎರರ್ ತಕ್ಷಣ ಬರುವುದರಿಂದ ಕಾಯುವ ದೋಷ ಕಾಣುವುದಿಲ್ಲ. ಈ ಐದು ಸ್ಥಿತಿಗಳಲ್ಲೂ ಎನ್‌ಎಸ್‌ಎಸ್ ಮಾಡ್ಯೂಲ್ ‘ಅನ್‌ಅವೈಲ್’ ಎಂಬ ಸ್ಥಿತಿಯನ್ನೂ, ಪ್ಯಾಮ್ ಮಾಡ್ಯೂಲ್ ‘ಆಥ್‌ಇನ್ಫೊ_ಅನ್‌ಅವೈಲ್’ ಎಂಬ ಉತ್ತರವನ್ನೂ ಹಿಂದಿರುಗಿಸಬೇಕು. ‘ಬಳಕೆದಾರ ಇಲ್ಲ’ ಎಂದು ಉತ್ತರಿಸಿದರೆ ಅದೂ ತಪ್ಪೇ. ಎನ್‌ಎಸ್‌ಸ್ವಿಚ್‌ನಲ್ಲಿ ‘ನಾಟ್‌ಫೌಂಡ್=ರಿಟರ್ನ್’ ಎಂದು ಬರೆದಿರುವ ಯಂತ್ರದಲ್ಲಿ ಆ ಉತ್ತರ ಮುಂದಿನ ಮೂಲವನ್ನು ಕೇಳುವ ದಾರಿಯನ್ನೇ ಮುಚ್ಚುತ್ತದೆ, ಮೇಲ್ ಸರ್ವರಾದರೆ ನಿಜವಾಗಿ ಇರುವ ಬಳಕೆದಾರನಿಗೆ ಬಂದ ಪತ್ರವನ್ನು ವಿಳಾಸ ತಪ್ಪೆಂದು ಶಾಶ್ವತವಾಗಿ ಹಿಂದಿರುಗಿಸಿಬಿಡುತ್ತದೆ.